ಪಥ್ಯವಿಲ್ಲದೆ ಬಂದ ಬಾಟಲಿ

ನಂಜನಗೂಡಿನಲ್ಲಿ ನಮ್ಮದು ಗ್ರಂಥಿಗೆ ಅಂಗಡಿ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಕೂಸಿಗೆ ತೇಯ್ದು ನೆಕ್ಕಿಸುವ ಬಜೆ, ಬಾಣಂತಿ ಮದ್ದು, ಅಳಲೆಕಾಯಿ, ಹಿಪ್ಪಲಿಯಿಂದ ಹಿಡಿದು ಕರ್ಪೂರ, ವಿಭೂತಿ, ದರ್ಭೆಯವರೆಗೆ, ಮನುಷ್ಯ ಹುಟ್ಟಿದ ಹನ್ನೊಂದನೆಯ ದಿನದಿಂದ ಸತ್ತ ಹನ್ನೊಂದನೆಯ ದಿನದವರೆಗೆ ಬೇಕಾಗುವ ಸಕಲವೂ ನಮ್ಮಲ್ಲಿ ಸಿಗುತ್ತದೆ. ನಡುವೆ ಬದುಕುವುದಕ್ಕೆ ಬೇಕಾದದ್ದನ್ನು ಮಾತ್ರ ಬೇರೆ ಅಂಗಡಿಗಳಲ್ಲಿ ಕೊಳ್ಳಬೇಕು.

ಅಂಗಡಿ ಹಾಕಿದವರು ನಮ್ಮ ತಾತ. ಅವರು ಪಂಡಿತರು. ನಾನಲ್ಲ. ನನಗೆ ನಾಡಿ ನೋಡಲು ಬರುವುದಿಲ್ಲ. ನನ್ನ ಸ್ವಂತ ನಾಡಿ ಸಿಗಬೇಕಾದರೂ ಎರಡು ಸಲ ಮಣಿಕಟ್ಟು ತಡಕಬೇಕು. ಆದರೂ ಸುತ್ತಮುತ್ತಲ ಹಳ್ಳಿಯವರು ನನ್ನನ್ನು ‘ಪಂಡಿತ್ರೇ’ ಎಂದೇ ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ಈಗ ವಯಸ್ಸು ಎಪ್ಪತ್ತರ ಹತ್ತಿರ ಬಂದಿರುವುದರಿಂದ, ಜನರ ನಂಬಿಕೆಗೆ ಧಕ್ಕೆ ತರುವುದು ಹಿರಿಯರಾದವರಿಗೆ ಶೋಭಿಸುವುದಿಲ್ಲವೆಂದು ಸುಮ್ಮನಿದ್ದೇನೆ.

ಈ ಅಂಗಡಿಗೆ ಒಂದು ಕ್ರಮವಿದೆ. ಗಿರಾಕಿ ಬಂದು ಸಾಮಾನಿನ ಹೆಸರು ಹೇಳಿದ ಕೂಡಲೇ ತಕ್ಕಡಿಗೆ ಕೈ ಹಾಕುವಂತಿಲ್ಲ. ಮೊದಲು ಮೂರು ಪ್ರಶ್ನೆ: ಯಾರಿಗೆ? ವಯಸ್ಸೆಷ್ಟು? ಬೇರೆ ಏನು ತಗೊಳ್ತಿದ್ದಾರೆ? ಮೂರನೆಯ ಪ್ರಶ್ನೆಯನ್ನು ತಾತ ಕೇಳಲು ಶುರುಮಾಡಿದ್ದು ರೋಗಿಯ ಹಿತಕ್ಕಲ್ಲ, ಎದುರು ಬೀದಿಯ ಇನ್ನೊಬ್ಬ ಪಂಡಿತರ ಹತ್ತಿರ ಹೋಗಿದ್ದನೋ ಹೇಗೆ ಎಂದು ತಿಳಿಯುವುದಕ್ಕೆ. ಹುಟ್ಟು ಹೇಗಾದರೂ ಇರಲಿ, ಪ್ರಶ್ನೆ ಒಳ್ಳೆಯದು. ಉತ್ತರ ಸಿಕ್ಕಿದ ಮೇಲೆ ತೂಕ, ಪೊಟ್ಟಣ, ದಾರ. ದಾರದ ಕೆಳಗೆ ಸಿಕ್ಕಿಸಿದ ಒಂದು ಚೀಟಿ. ಆ ಚೀಟಿಯಲ್ಲಿ ಪಥ್ಯ: ಏನು ತಿನ್ನಬೇಕು, ಏನು ಬಿಡಬೇಕು. ಕೊನೆಯ ಸಾಲು ಎಲ್ಲರಿಗೂ ಒಂದೇ, ತಾತನ ಕಾಲದಿಂದ ಬಂದದ್ದು: ‘ಅನ್ಯ ಔಷಧಿ ವರ್ಜ್ಯ.’ ಅಂದರೆ ನಮ್ಮದು ತಗೊಳ್ಳುವಾಗ ಬೇರೆಯವರದ್ದು ಮುಟ್ಟಬೇಡ. ನಾನೂ ಐವತ್ತು ವರ್ಷ ಆ ಸಾಲನ್ನು ಕೈ ತಾನಾಗಿ ಓಡಿದ ಹಾಗೆ ಬರೆಯುತ್ತಾ ಬಂದೆ.

ನಮ್ಮ ಅಂಗಡಿಯಿಂದ ಪಥ್ಯದ ಚೀಟಿಯಿಲ್ಲದೆ ಒಂದು ಪೊಟ್ಟಣವೂ ಹೊಸ್ತಿಲು ದಾಟಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ವಿನಯ ನಮ್ಮಲ್ಲಿ ಸ್ಟಾಕ್ ಇಲ್ಲ.

ಈಚಿನ ಒಂದೆರಡು ವರ್ಷಗಳಿಂದ ಕೌಂಟರಿಗೆ ಒಂದು ಹೊಸ ಪ್ರಶ್ನೆ ಬರತೊಡಗಿತು. ಗಿರಾಕಿ ಮೊದಲು ಎಡಕ್ಕೆ ನೋಡುತ್ತಾನೆ, ಬಲಕ್ಕೆ ನೋಡುತ್ತಾನೆ, ಆಮೇಲೆ ಮೊಬೈಲನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮುಂದಕ್ಕೆ ಚಾಚಿ, ಹೆಣ್ಣಿನ ಕಡೆಯವರ ಆಸ್ತಿ ವಿಚಾರಿಸುವವನ ದನಿಯಲ್ಲಿ ಕೇಳುತ್ತಾನೆ: “ಪಂಡಿತ್ರೇ, ಈ ಸಿಬಿಡಿ ಎಣ್ಣೆ ಅಂತಾರಲ್ಲ, ಸಿಗ್ತದಾ?”

ಸಿಗುವುದಿಲ್ಲ. ಆದರೆ ‘ಸಿಗುವುದಿಲ್ಲ’ ಎಂದು ಹೇಳಿ ಕಳಿಸುವುದು ಅಂಗಡಿಯ ಕ್ರಮವಲ್ಲ. ಯಾಕೆ ಸಿಗುವುದಿಲ್ಲ ಎಂದು ಹೇಳಬೇಕು. ಅದಕ್ಕೆ ನಾನೇ ಮೊದಲು ತಿಳಿದುಕೊಳ್ಳಬೇಕಾಯಿತು. ಊರಿನ ಆಯುರ್ವೇದ ಡಾಕ್ಟರಮ್ಮನ ಮುಂದೆ ಹೋಗಿ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕೈಕಟ್ಟಿ ನಿಂತು ಕೇಳಿಕೊಂಡು ಬಂದೆ. ಅದು ಗಾಂಜಾ ಗಿಡದಲ್ಲಿರುವ ನೂರಾರು ಅಂಶಗಳಲ್ಲಿ ಒಂದು. ಅಮಲು ಬರಿಸುವ ಅಂಶ ಬೇರೆ, ಇದು ಬೇರೆ. ಆದರೆ ಇಡೀ ಎಲೆಯಿಂದ ತೆಗೆದ ಎಣ್ಣೆಯಲ್ಲಿ ಆ ಅಮಲಿನ ಅಂಶವೂ ಅಷ್ಟಿಷ್ಟು ಉಳಿದಿರುತ್ತದೆ. ನೋವಿಗೆ, ನಿದ್ದೆಗೆ ಎಂದು ಮಾರುತ್ತಾರೆ. ಕೆಲವರಿಗೆ ಗುಣ ಕಾಣುತ್ತದೆ, ಕೆಲವರಿಗೆ ಬಾಟಲಿ ಖಾಲಿಯಾದದ್ದು ಮಾತ್ರ ಕಾಣುತ್ತದೆ. ಬಸುರಿ, ಬಾಣಂತಿಯರಿಗೆ ಬೇಡ. ಯಕೃತ್ತಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬೇರೆ ಮಾತ್ರೆ ನುಂಗುವವರಂತೂ ಕೇಳಲೇಬೇಕು, ಯಾಕೆಂದರೆ ಈ ಎಣ್ಣೆ ಒಳಗೆ ಹೋಗಿ ಆ ಮಾತ್ರೆಗಳ ಲೆಕ್ಕಾಚಾರವನ್ನೇ ಏರುಪೇರು ಮಾಡಬಹುದು.

ಅದೇ ಗಿಡದ ಬೀಜದ ಎಣ್ಣೆಯೂ ಇದೆ. ಅದು ಆಹಾರ. ಚಿಕ್ಕಯ್ಯನಛತ್ರದ ನಿವೃತ್ತ ಮೇಡಂ ಒಬ್ಬರು ಅದನ್ನೇ ಸಿಬಿಡಿ ಎಂದು ತರಿಸಿ ಒಂದು ತಿಂಗಳು ಮಂಡಿನೋವಿಗೆ ಭಕ್ತಿಯಿಂದ ಕುಡಿದಿದ್ದರು. “ಮೇಡಂ, ಇದು ಅಡುಗೆಮನೆ ಕಡೆಯದು, ಮಂಡಿಗಲ್ಲ” ಎಂದೆ. ಹದಿನೈದು ದಿನ ಬಿಟ್ಟು ಬಂದು ವರದಿ ಒಪ್ಪಿಸಿದರು: “ಮಂಡಿ ಹಾಗೇ ಇದೆ. ಚಟ್ನಿಪುಡಿಗೆ ಕಲಸ್ಕೊಂಡ್ರೆ ಚೆನ್ನಾಗಿದೆ.”

ಕಾನೂನಿನ ಭಾಗಕ್ಕೆ ನನಗೊಬ್ಬ ಗುರು ಸಿಕ್ಕಿದ. ಅಬಕಾರಿ ಇಲಾಖೆಯಲ್ಲಿ ಗಾರ್ಡಾಗಿದ್ದು ನಿವೃತ್ತನಾದ ನನ್ನ ಬಾಲ್ಯಸ್ನೇಹಿತ. ಕಬ್ಬಿನ ಗದ್ದೆಯ ನಡುವೆ, ಅರಿಶಿನದ ಹೊಲದ ನಡುವೆ ಯಾರೋ ಬಚ್ಚಿಟ್ಟು ಬೆಳೆದ ಗಾಂಜಾ ಗಿಡಗಳನ್ನು ಕಿತ್ತು ಕಿತ್ತು ಅವನ ಸೊಂಟ ಹೋಗಿದೆ. ದಿನಾ ಮಧ್ಯಾಹ್ನ ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕಾಫಿ ಕುಡಿಯುವುದು ಅವನ ಪಿಂಚಣಿಯ ಒಂದು ಭಾಗ.

“ನೋಡು ಪಂಡಿತ,” ಎಂದ. “ಗಿಡ ಒಂದೇ. ಮಕ್ಕಳು ಮೂರು. ಹೂವಿನ ತೆನೆ ಇದೆಯಲ್ಲ, ಅದೇ ಗಾಂಜಾ. ಅದು ಹಿರೀ ಮಗ. ಸೀದಾ ಜೈಲು. ಎಲೆ ಅನ್ನೋನು ನಡುವಿನವನು. ಲೈಸೆನ್ಸ್ ಇರೋ ಆಯುರ್ವೇದ ಕಂಪನಿ ಕೈಗೆ ಬಿದ್ರೆ ‘ವಿಜಯಾ’ ಅಂತ ದೊಡ್ಡ ಹೆಸರಿಟ್ಕೊಂಡು ಔಷಧಿ ಆಗ್ತಾನೆ. ಡಾಕ್ಟರ್ ಚೀಟಿ ಇದ್ರೆ ನಿನ್ನ ಮನೆಗೂ ಬರ್ತಾನೆ. ಚೀಟಿ ಇಲ್ದೆ ಅಲೆದಾಡಿದ್ರೆ ಯಾವ ರಾಜ್ಯದಲ್ಲಿ ಯಾವ ರೂಲ್ಸು ಅಂತ ಅವನಿಗೇ ಗೊತ್ತಿರಲ್ಲ.”

“ಮೂರನೆಯವನು?”

“ಬೀಜ. ಪಾಪ, ಸಾಧು. ದಿನಸಿ ಅಂಗಡೀಲಿ ಕೆಲಸ.”

“ಚರಸ್ಸು?”

“ಅದು ಹಿರಿಯವನ ಹೆಂಡತಿ ಕಡೆ ಸಂಬಂಧ. ಅವರ ಸುದ್ದಿ ನಮಗ್ಯಾಕೆ?”

“ಫಾರಿನ್ನಿಂದ ತರಿಸಿದ್ರೆ?”

“ಅಲ್ಲಿ ಅಂಗಡೀಲಿ ಸಾಲಾಗಿ ಇಟ್ಟು ಮಾರ್ತಾರೆ ಅಂತ ಇಲ್ಲಿ ಕಸ್ಟಮ್ಸ್‌ನೋನು ಆರತಿ ಎತ್ತಿ ಒಳಗೆ ಕರ್ಕೊಳ್ತಾನಾ?”

“ಇಲ್ಲಿಂದ ದುಬೈಗೆ ತಗೊಂಡು ಹೋದ್ರೆ?”

“ಹೋಗೋದು ಸುಲಭ,” ಎಂದು ಲೋಟ ಕೆಳಗಿಟ್ಟ. “ವಾಪಸ್ ಬರೋದೇ ಕಷ್ಟ.”

ಈ ಉಪದೇಶವನ್ನು ನಾನು ಕಂಠಪಾಠ ಮಾಡಿಕೊಂಡೆ. ಬಂದವರಿಗೆಲ್ಲ ಹೇಳತೊಡಗಿದೆ. ಬಿಲ್ಲು ನೋಡಿ, ಲೈಸೆನ್ಸ್ ನಂಬರು ನೋಡಿ, ನಿಮ್ಮನ್ನು ಕಣ್ಣಾರೆ ನೋಡಿದ ಡಾಕ್ಟರ ಚೀಟಿ ಇರಲಿ, ಮೂರೂ ಬಾಟಲಿಯ ಜೊತೆಗೇ ಇರಲಿ. ಆ ಎಣ್ಣೆಯನ್ನು ಒಂದು ತೊಟ್ಟೂ ಮಾರದೆ ಅದರ ವಿಷಯದಲ್ಲಿ ಇಷ್ಟು ಮಾತಾಡುವ ಅಂಗಡಿ ಜಿಲ್ಲೆಯಲ್ಲೇ ಇನ್ನೊಂದು ಇರಲಾರದು ಎಂಬ ಹೆಮ್ಮೆಯೂ ಬಂತು. ಹೆಮ್ಮೆ ಬಂದ ಮೇಲೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಒಂದು ಸೋಮವಾರ ಸೋಸಲೆಯ ಗೌಡರೊಬ್ಬರು ಬಂದರು. ಅವರ ತಂದೆ ನಮ್ಮ ತಾತನ ಗಿರಾಕಿ. ಗೌಡರ ಚಿಕ್ಕ ಮಗಳು ಹುಟ್ಟಿದಾಗ ಅವಳ ನಾಲಗೆಗೆ ತೇಯ್ದ ಬಜೆ ನಮ್ಮ ಅಂಗಡಿಯದು. ನಾನೇ ಆರಿಸಿ ಕೊಟ್ಟದ್ದು. ಅವತ್ತು ಗೌಡರು ದೇವಸ್ಥಾನದಲ್ಲಿ ಮುಡಿ ಕೊಟ್ಟು, ಬೋಳುತಲೆಗೆ ಗಂಧ ಬಳಿದುಕೊಂಡು, ಕೈಯಲ್ಲಿ ಪ್ರಸಾದದ ಚೀಲ ಹಿಡಿದು ನಿಂತಿದ್ದರು. ಇದ್ದ ಇಬ್ಬರು ಗಿರಾಕಿಗಳು ಹೋಗುವವರೆಗೂ ಧೂಪದ ಡಬ್ಬಿಗಳನ್ನು ಒಂದೊಂದಾಗಿ ಮೂಸುತ್ತಿದ್ದರು. ಆಮೇಲೆ ಪ್ರಸಾದದ ಅಡಿಯಿಂದ ಒಂದು ಪುಟ್ಟ ಬಾಟಲಿ ತೆಗೆದು ಕೌಂಟರಿನ ಮೇಲಿಟ್ಟರು.

“ಇದ ಒಸಿ ನೋಡಿ ಪಂಡಿತ್ರೇ. ನಮ್ಮ ದೊಡ್ಡಳಿಯ ಮೊಬೈಲ್ನಾಗೆ ತರಿಸ್ಕೊಟ್ಟವ್ನೆ.”

ಕನ್ನಡಕ ಏರಿಸಿದೆ. ವಿಜಯಾ ಎಲೆಯ ಸಾರ. ಲೈಸೆನ್ಸ್ ನಂಬರು ಇತ್ತು. ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸತಕ್ಕದ್ದು ಎಂಬ ಎಚ್ಚರಿಕೆ, ಇರುವೆಗೂ ಕನ್ನಡಕ ಬೇಕಾಗುವ ಅಕ್ಷರದಲ್ಲಿ, ಇತ್ತು.

“ಪೋಲಿಸ್ನೋರು ಇಡ್ಕೊಂಡೋಗಾಕಿಲ್ಲ ತಾನೆ? ಟಿ. ನರಸೀಪುರದ ಸ್ಟ್ಯಾಂಡಲ್ಲಿ ಒಬ್ಬ ಪೋಲಿಸಪ್ಪ ಬಸ್ ಅತ್ತಿ ನನ್ನ ಪಕ್ಕದಲ್ಲೇ ಕುಂತ್ಕಬೇಕಾ! ಎದೆ ಡವಡವ ಅಂತು. ನಂಜನಗೂಡು ಬರಗಂಟ ಉಸಿರು ಬುಡ್ನಿಲ್ಲ ಕಣ್ರೀ.”

“ಆಮೇಲೆ?”

“ಅವ್ನೂ ಮುಡಿ ಕೊಡಕ್ಕೇ ಬಂದಿದ್ದನಂತೆ. ಇಬ್ರೂ ಒಂದೇ ಸಾಲಲ್ಲಿ ಕುಂತ್ಕೊಂಡು ಬೋಳಿಸ್ಕೊಂಡೋ.”

ನಾನು ಗುರುವಿನ ಪಾಠವನ್ನು ಆದ್ಯಂತವಾಗಿ ಒಪ್ಪಿಸಿದೆ. ಹಿರಿಯ ಮಗ, ನಡುವಿನವನು, ಕಿರಿಯವನು, ಯಾವುದನ್ನೂ ಬಿಡಲಿಲ್ಲ. ಗೌಡರು ಹೂಂಗುಟ್ಟುತ್ತಾ ಕೇಳಿ, ಬಿಲ್ಲನ್ನೂ ಡಾಕ್ಟರ ಚೀಟಿಯನ್ನೂ ಬಿಚ್ಚಿ ತೋರಿಸಿದರು. ಚೀಟಿಯಲ್ಲಿ ಅಳಿಯನ ಹೆಸರಿತ್ತು. ರೋಗ: ನಿದ್ದೆ ಬಾರದಿರುವುದು. ಫೋನಿನಲ್ಲೇ ಎರಡು ನಿಮಿಷ ಮಾತಾಡಿ ಯಾರೋ ಡಾಕ್ಟರು ಬರೆದುಕೊಟ್ಟಿದ್ದರು.

“ಅಳಿಯಂದಿರಿಗೆ ನಿದ್ದೆ ಬರಲ್ವಾ ಗೌಡ್ರೇ?”

“ಅವ್ನಿಗಾ? ಕುಂತಲ್ಲೇ ಗೊರಕೆ ಒಡೀತಾನೆ.”

“ಮತ್ತೆ ಇದು ಯಾರಿಗೆ?”

ಮೊದಲನೆಯ ಪ್ರಶ್ನೆ ಹೀಗೆ ತಾನಾಗಿ ಬಾಯಿಂದ ಬಂತು.

“ನಮ್ಮ ಚಿಕ್ಕಮಗೀಗೆ.”

“ವಯಸ್ಸು?”

“ಇಪ್ಪತ್ನಾಕು ತುಂಬ್ತು.”

“ಬೇರೆ ಏನು ತಗೊಳ್ತಿದ್ದಾಳೆ?”

ಗೌಡರು ಬೀದಿ ಕಡೆ ನೋಡಿದರು. “ಏನೂ ಇಲ್ಲ,” ಎಂದರು. ಪ್ರಸಾದದ ಚೀಲದ ಬಾಯಿ ಮಡಚುತ್ತಾ, “ನಿನ್ನೆಯಿಂದ ಏನೂ ಇಲ್ಲ,” ಎಂದರು.

ಅವರ ಮಗಳಿಗೆ ಹನ್ನೆರಡನೆಯ ವಯಸ್ಸಿನಿಂದ ಮೂರ್ಛೆ. ಮೈಸೂರಿನ ಡಾಕ್ಟರು ಕೊಟ್ಟ ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು. ಮೂರು ವರ್ಷದಿಂದ ಒಂದು ಸಲವೂ ಬಿದ್ದಿಲ್ಲ. ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್ ಕೆಲಸ. ಹಾಲಿನ ಫ್ಯಾಟು ನೋಡಿ ಬರೆಯುವುದು. ಊರಿನ ದೊಡ್ಡ ದೊಡ್ಡ ಗಂಡಸರು ಕ್ಯಾನು ಹಿಡಿದು ಅವಳ ಮುಂದೆ ಬಾಯಿ ಮುಚ್ಚಿಕೊಂಡು ಸಾಲು ನಿಲ್ಲುತ್ತಾರೆ. ಆದರೆ ಮಾತ್ರೆಯಿಂದ ಬೆಳಗಿನ ಹೊತ್ತು ಕಣ್ಣು ಎಳೆಯುತ್ತದೆ. ಒಂದು ದಿನ ಒಬ್ಬರ ಹಾಲನ್ನು ಇನ್ನೊಬ್ಬರ ಹೆಸರಿಗೆ ಬರೆದುಬಿಟ್ಟಳಂತೆ. ಅವತ್ತಿನಿಂದ ಹುಡುಗಿಗೆ ತಲೆ ಎತ್ತಲಾಗುತ್ತಿಲ್ಲ. ಈ ಎಣ್ಣೆ ಮೂರ್ಛೆಗೂ ಆಗುತ್ತದೆ ಎಂದು ಅಳಿಯ ಮೊಬೈಲಿನಲ್ಲಿ ನೋಡಿದ್ದ.

“ನಾಳೆ ಸುರು ಮಾಡನ ಅಂತಿವ್ನಿ. ನಾಟಿ ಔಸ್ದಿ ತಕ್ಕಳಕ್ಕೆ ಮುಂಚೆ ಮೈ ಕಾಲಿ ಇರ್ಬೇಕಲ್ವಾ? ಅದ್ಕೇ ನಿನ್ನೆ ಬೆಳಗ್ಗಿಂದ ಮಾತ್ರೆ ಬುಡಿಸ್ಬುಟ್ಟೆ. ಬಾಟ್ಲಿ ಜೊತೆ ಇಂಗ್ಲಿಸ್ನಲ್ಲಿ ಏನೋ ಪೇಪರ್ ಬಂದದೆ, ಪಥ್ಯನೇ ಬರ್ದಿಲ್ಲ. ನೀವೊಂದು ಪಥ್ಯ ಬರ್ಕೊಡಿ.”

“ಮಾತ್ರೆ ಬಿಡಿಸಿ ಅಂತ ಯಾರು ಹೇಳಿದ್ರು ಗೌಡ್ರೇ?”

“ಯಾರು ಏಳ್ಬೇಕು? ನಿಮ್ಮ ಚೀಟೀಲೇ ಇರ್ತದಲ್ಲ ಪಂಡಿತ್ರೇ. ನಮ್ಮಪ್ಪನ ಕಾಲದಿಂದ ನೋಡಿವ್ನಿ. ‘ಅನ್ಯ ಔಷಧಿ ವರ್ಜ್ಯ.’”

ಎದುರು ಬೀದಿಯ ಪಂಡಿತರ ಮೇಲಿನ ಹೊಟ್ಟೆಕಿಚ್ಚಿಗೆ ತಾತ ಬರೆದ ಸಾಲು. ಆ ಪಂಡಿತರು ತೀರಿಕೊಂಡು, ಅವರ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದು ಎಷ್ಟೋ ವರ್ಷವಾಗಿತ್ತು. ಸಾಲು ಮಾತ್ರ ಸಾಯದೆ, ನನ್ನ ಕೈಬರಹದಲ್ಲಿ ಸೋಸಲೆಯವರೆಗೆ ನಡೆದುಹೋಗಿ ಒಂದು ಹುಡುಗಿಯ ಮಾತ್ರೆ ನಿಲ್ಲಿಸಿತ್ತು. ಮೂರ್ಛೆಯ ಮಾತ್ರೆಯನ್ನು ಥಟ್ಟನೆ ಬಿಡಬಾರದು, ಬಿಟ್ಟರೆ ಮೂರ್ಛೆ ಮೊದಲಿಗಿಂತ ಜೋರಾಗಿ ಬರಬಹುದು ಎಂಬಷ್ಟು ನನಗೂ ಗೊತ್ತು. ನಾಡಿ ಸಿಗದ ನನಗೆ ಆ ಗಳಿಗೆಯಲ್ಲಿ ನನ್ನ ನಾಡಿ ಕಿವಿಯಲ್ಲೇ ಕೇಳಿಸಿತು.

“ಮೊದಲು ಮಗಳಿಗೆ ಫೋನ್ ಹಚ್ಚಿ,” ಎಂದೆ.

ಹಚ್ಚಿದರು. ನಾನೇ ಕಿತ್ತುಕೊಂಡೆ.

“ತಾಯಿ, ನಾನು ನಂಜನಗೂಡಿನ ಅಂಗಡಿ ತಾತ. ಎಲ್ಲಿದ್ದೀಯವ್ವಾ?”

“ಹೊಳೇಲಿ ಬಟ್ಟೆ ಒಗೀತಾವ್ನಿ ತಾತ. ಯಾಕೆ?”

“ಜೊತೆಗೆ ಯಾರಿದ್ದಾರೆ?”

“ಯಾರೂ ಇಲ್ಲ.”

“ಮೇಲೆ ಬಾ. ಈಗಲೇ. ಬಟ್ಟೆ ಅಲ್ಲೇ ಬಿಡು.”

“ಯಾಕ್ ತಾತ, ಮೊಸಳೆಗಿಸಳೆ ಬಂದದಾ?”

“ಬಂದಿದೆ. ಮೇಲೆ ಬಾ.”

ನೀರಿನಿಂದ ಕಾಲೆಳೆಯುವ ಸದ್ದು, ಕಲ್ಲಿನ ಮೇಲೆ ಬಕೆಟ್ಟು ತಗುಲಿದ ಸದ್ದು, ಆಮೇಲೆ ಅವಳ ಉಸಿರು ಕೇಳಿಸಿತು. “ಮನೆ ದಾರೀಲಿದ್ದೀನಿ. ಈಗೇಳಿ,” ಎಂದಳು. ಹೇಳಿದೆ. ಎಷ್ಟು ನುಂಗಬೇಕು, ಯಾವಾಗ ನುಂಗಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ. ಮೈಸೂರಿನ ಡಾಕ್ಟರ ಚೀಟಿಯ ಮೇಲಿರುವ ನಂಬರಿಗೆ ಈಗಲೇ ಮಾಡು, ಎಷ್ಟು ಹೊತ್ತಿನ ಮಾತ್ರೆ ತಪ್ಪಿದೆ ಎಂದು ನಿಜ ಹೇಳು, ಅವರು ಹೇಳಿದ ಹಾಗೆ ಮಾಡು ಎಂದೆ. ಫೋನಿಟ್ಟ ಮೇಲೆ ನಾನೂ ಗೌಡರೂ ಕೌಂಟರಿನ ಎರಡು ಬದಿಯಲ್ಲಿ, ಆಪರೇಷನ್ ಥಿಯೇಟರಿನ ಹೊರಗೆ ಕುಳಿತವರ ಹಾಗೆ, ಆ ಬಾಟಲಿಯನ್ನು ನೋಡುತ್ತಾ ಕುಳಿತೆವು. ಯಾರೋ ಬಂದು ಕರ್ಪೂರ ಕೇಳಿದರು. ಅರಿಶಿನ ಕೊಟ್ಟೆ. ಅವರು ಬೈದುಕೊಂಡು ಬದಲಾಯಿಸಿಕೊಂಡು ಹೋದರು.

ಮತ್ತೆ ಫೋನ್ ಬಂತು. ಡಾಕ್ಟರು ಸಿಕ್ಕಿದ್ದರು. ಮಾತ್ರೆ ತಕ್ಷಣ ಶುರುಮಾಡಲು ಹೇಳಿ, ಹೇಗೆ ಎಂದು ಬಿಡಿಸಿ ಹೇಳಿದ್ದರು. ಎರಡು ದಿನ ಒಬ್ಬಳೇ ಇರಬೇಡ, ಗುರುವಾರ ಬಾಟಲಿ ಸಮೇತ ಬಾ ಎಂದಿದ್ದರು. ಬೈದದ್ದನ್ನು ಅವಳು ನಮಗೆ ಹೇಳಲಿಲ್ಲ. ಬೈದಿರಲೇಬೇಕು.

ನನಗೆ ಜೀವ ಬಂತು. ಗೌಡರಿಗೆ ಮಾತ್ರ ಸಮಾಧಾನವಿಲ್ಲ.

“ಡಾಕ್ಟ್ರು ಅಂದ್ಮೇಲೆ ಮಾತ್ರೆ ನುಂಗು ಅಂತ್ಲೇ ಅಂತಾರೆ. ಅದು ಅವ್ರ ಕಸುಬು. ಇವತ್ತು ನುಂಗ್ತಾಳೆ, ನಾಳೆ ಎಣ್ಣೆ ಸುರು ಮಾಡ್ದಾಗ? ಬಾಟ್ಲಿಗೆ ಪಥ್ಯ ಏನು, ಅದೇಳಿ.”

ನಾನು ಬುದ್ಧಿಮಾತು ಹೇಳಬಹುದಿತ್ತು. ನಮ್ಮ ಕಡೆಯ ಜನ ಬುದ್ಧಿಮಾತನ್ನು ತಲೆದೂಗಿ ಕೇಳುತ್ತಾರೆ, ಹೊಗಳುತ್ತಾರೆ, ಅಲ್ಲೇ ಬಿಟ್ಟು ಹೋಗುತ್ತಾರೆ. ಪಥ್ಯವನ್ನು ಹಾಗೆ ಬಿಡುವುದಿಲ್ಲ. ಪಥ್ಯ ಕೆಡಿಸಿದವನು ಎಂಬ ಹೆಸರು ಬರುವುದಕ್ಕಿಂತ ಸಾಲಗಾರ ಎಂಬ ಹೆಸರೇ ಮೇಲು. ನಾನು ಖಾಲಿ ಚೀಟಿಯ ಕಟ್ಟಿನಿಂದ ಒಂದು ಚೀಟಿ ಹರಿದು, ಪೆನ್ಸಿಲಿನ ತುದಿ ನಾಲಗೆಗೆ ಮುಟ್ಟಿಸಿ, ತಾತನ ಗಾಂಭೀರ್ಯವನ್ನೆಲ್ಲ ಮುಖಕ್ಕೆ ತಂದುಕೊಂಡು ಬರೆದೆ.

ಒಂದು: ಬದನೆಕಾಯಿ ವರ್ಜ್ಯ.

ಬದನೆಕಾಯಿಗೂ ಈ ರೋಗಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತು, ಬದನೆಕಾಯಿಗೂ ಗೊತ್ತು. ಆದರೆ ಬದನೆಕಾಯಿಯಿಲ್ಲದ ಪಥ್ಯವನ್ನು ಪಥ್ಯವೆಂದು ಯಾರು ಒಪ್ಪುತ್ತಾರೆ?

ಎರಡು: ಮೈಸೂರಿನ ಡಾಕ್ಟರ ಮಾತ್ರೆ ಬೆಳಿಗ್ಗೆ, ಸಂಜೆ ತಪ್ಪಕೂಡದು. ಒಂದು ತಪ್ಪಿದರೂ ಪಥ್ಯ ಕೆಟ್ಟಿತು.

ಮೂರು: ಆ ಡಾಕ್ಟರು ಬಾಟಲಿಯನ್ನು ಕಣ್ಣಾರೆ ನೋಡಿ ಒಪ್ಪುವವರೆಗೆ ಮುಚ್ಚಳ ತೆರೆಯಕೂಡದು.

ನಾಲ್ಕು: ಒಬ್ಬಳೇ ನೀರಿಗೆ ಇಳಿಯಕೂಡದು.

ಕೊನೆಯ ಸಾಲಿನ ಜಾಗಕ್ಕೆ ಬಂದಾಗ ಕೈ ಅಭ್ಯಾಸಬಲದಿಂದ ‘ಅ’ ಎಂದು ಶುರುಮಾಡಿಬಿಟ್ಟಿತು. ಹೊಡೆದುಹಾಕಿದೆ. ಗೌಡರು ಚೀಟಿಯನ್ನು ಎರಡು ಸಲ ಓದಿ ಮುಖ ಸಪ್ಪಗೆ ಮಾಡಿದರು.

“ಉಣಸೆಹಣ್ಣು ತಿನ್ಬೌದಾ?”

“ತಿನ್ನಬಹುದು.”

“ಒಸಿ ಸಲೀಸಾಗೋಯ್ತು ಪಥ್ಯ,” ಎಂದು ಅನುಮಾನದಿಂದ ತಲೆ ಕೆರೆದುಕೊಳ್ಳಲು ಹೋಗಿ, ಬೋಳುತಲೆಯ ಗಂಧ ಉಗುರಿಗೆ ಹತ್ತಿಸಿಕೊಂಡರು. ನಾನು ಚೀಟಿ ವಾಪಸ್ ತಗೊಂಡು ಬದನೆಕಾಯಿಯ ಪಕ್ಕದಲ್ಲಿ ‘ಹುಣಸೆಹಣ್ಣು’ ಸೇರಿಸಿದೆ. ಆಗ ಅವರ ಮುಖ ಅರಳಿತು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಪ್ರಸಾದದ ಜೊತೆಗಿಟ್ಟುಕೊಂಡು ಬಸ್ಸಿಗೆ ಹೊರಟರು.

ಅವರು ಹೋದ ಮೇಲೆ ಪಕ್ಕದಲ್ಲಿದ್ದ ಇನ್ನೊಂದು ಕಟ್ಟನ್ನು ನೋಡಿದೆ. ಬಿಡುವಿನ ಹೊತ್ತಿನಲ್ಲಿ ಕೊನೆಯ ಸಾಲನ್ನು ಮೊದಲೇ ಬರೆದಿಟ್ಟುಕೊಳ್ಳುವುದು ನನ್ನ ಪದ್ಧತಿ. ಅಷ್ಟನ್ನೂ ಧೂಪದ ಕೆಂಡಕ್ಕೆ ಹಾಕಿದೆ. ತಾತನ ಫೋಟೋ ಕಡೆ ನೋಡಲಿಲ್ಲ.

ಗುರುವಾರ ಕಳೆಯಿತು. ಮುಂದಿನ ಸೋಮವಾರ ಬಂತು. ಗೌಡರು ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಅಬಕಾರಿ ಮಿತ್ರ ಕಾಫಿ ಕುಡಿಯುತ್ತಾ ನನ್ನನ್ನೇ ನೋಡಿದ.

“ಫೋನ್ ಮಾಡಿ ಕೇಳೋ.”

“ಚೀಟಿ ಕೊಟ್ಟ ಮೇಲೆ ಅಂಗಡಿಯವನು ಹಿಂದೆ ಬೀಳಬಾರದು. ತಾತ ಯಾವತ್ತೂ ಫೋನ್ ಮಾಡ್ತಿರಲಿಲ್ಲ.”

“ನಿಮ್ಮ ತಾತನ ಕಾಲದಲ್ಲಿ ಫೋನೇ ಇರ್ಲಿಲ್ವಲ್ಲೋ ಮಂಕೆ!”

ಈ ವಾದದಲ್ಲಿ ಹುರುಳಿತ್ತು. ಆದರೆ ನಂಬರು ಒತ್ತಲು ಧೈರ್ಯವಿರಲಿಲ್ಲ. ಫೋನಿನಲ್ಲಿ ಕೆಟ್ಟ ಸುದ್ದಿ ಬಂದರೆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕೇಳಬೇಕು. ಆ ಸ್ಟೂಲಿನ ಮೇಲೆ ತಾತನೂ ಕುಳಿತಿದ್ದರು. ಮೂರನೆಯ ವಾರ, ತಿರುಮಕೂಡಲಿನ ಸಂಗಮದಲ್ಲಿ ಕೈಕಾಲು ತೊಳೆದು ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಟಿ. ನರಸೀಪುರದ ಬಸ್ಸು ಹತ್ತಿದೆ. ಸುಳ್ಳನ್ನು ನಿಜ ಮಾಡಲು ಸಂಗಮದಲ್ಲಿ ಇಳಿದು ಕಾಲು ತೊಳೆದೆ. ಅಲ್ಲಿಂದ ಸೋಸಲೆಗೆ ಹೋಗುವ ಹೊತ್ತಿಗೆ ಸಂಜೆಯ ಹಾಲು ಹಾಕುವ ಸಮಯ.

ಡೈರಿಯ ಮುಂದೆ ಕ್ಯಾನುಗಳ ಸಾಲು. ಒಳಗಿಂದ ಒಂದು ದನಿ ಬರುತ್ತಿತ್ತು. “ಏನಣ್ಣೋ, ನಿಮ್ಮೆಮ್ಮೆ ಹೊಳೆಗೇ ಬಾಯಿ ಹಾಕಿತ್ತಾ? ಫ್ಯಾಟೇ ಇಲ್ಲ!” ಸಾಲಿನಲ್ಲಿದ್ದವರು ನಕ್ಕರು. ನಾನು ಬಾಗಿಲ ಕಂಬ ಹಿಡಿದು ನಿಂತೆ. ಅವಳೇ. ಕಣ್ಣು ಎಳೆಯುತ್ತಿರಲಿಲ್ಲ. ಪೆನ್ನು ಓಡುತ್ತಿತ್ತು. ಅವಳ ತಲೆಯ ಮೇಲೆ ಗೋಡೆಗೆ ನನ್ನ ಚೀಟಿ ಅಂಟಿಸಿತ್ತು. ಅದರ ಕೆಳಗೆ ಡೈರಿಯ ದಾಖಲೆಯ ಹಾಳೆಯಂತೆಯೇ ಗೆರೆ ಎಳೆದ ಒಂದು ಹಾಳೆ: ದಿನ, ಬೆಳಿಗ್ಗೆ, ಸಂಜೆ. ಗೆರೆಗಳ ನಡುವಿನ ಪ್ರತಿ ಮನೆಯಲ್ಲೂ ಒಂದೊಂದು ಟಿಕ್. ನಾನು ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ಆ ಸೋಮವಾರದಿಂದ ಅವತ್ತಿನ ಬೆಳಿಗ್ಗೆಯವರೆಗೆ ಬೆರಳಿಟ್ಟು ನೋಡಿದೆ. ಒಂದು ಮನೆಯೂ ಖಾಲಿಯಿರಲಿಲ್ಲ. ನಮ್ಮ ಅಂಗಡಿಯ ಯಾವ ಪಥ್ಯವೂ ಇಷ್ಟು ಚೊಕ್ಕವಾಗಿ ನಡೆದದ್ದಕ್ಕೆ ದಾಖಲೆಯಿಲ್ಲ.

“ಅಂಗಡಿ ತಾತ ಅಲ್ವಾ?” ಎಂದಳು. ಹುಟ್ಟಿದ ಮೇಲೆ ನಾನು ಅವಳನ್ನು ನೋಡಿದ್ದು ನಾಲ್ಕೈದು ಸಲ ಇರಬೇಕು. “ಬದನೆಕಾಯಿ ಯಾಕ್ ಬರದ್ರಿ? ಡಾಕ್ಟ್ರು ಓದಿ ಓದಿ ನಕ್ಕರು. ಎರಡನೇದು ಓದಿ ನಗೋದು ನಿಲ್ಸುದ್ರು. ‘ಇದನ್ನ ಬರ್ದೋರು ಯಾರು?’ ಅಂದ್ರು.”

“ನೀನೇನಂದೆ?”

“ನಮ್ಮ ಪಂಡಿತ್ರು ಅಂದೆ.”

ನಾನು ತಿದ್ದಲಿಲ್ಲ. ಹಿಂದೆಯೇ ಹೇಳಿದ್ದೇನೆ, ಜನರ ನಂಬಿಕೆಗೆ ಧಕ್ಕೆ ತರಬಾರದು.

ಡಾಕ್ಟರು ಬಾಟಲಿಯನ್ನೂ ನೋಡಿದ್ದರು. ಕೆಲವು ಬಗೆಯ ಮೂರ್ಛೆಗೆ ಸಿಬಿಡಿಯನ್ನು ಅಳತೆ ಮಾಡಿ ಔಷಧಿಯಾಗಿ ಕೊಡುವುದುಂಟು, ಅದೂ ಮಾತ್ರೆಯ ಜೊತೆಗೇ ಹೊರತು ಮಾತ್ರೆ ಬಿಡಿಸಿ ಅಲ್ಲ. ನಿನ್ನದು ಆ ಬಗೆಯಲ್ಲ. ನೀನು ನುಂಗುವ ಮಾತ್ರೆಯ ಮೇಲೆ ಈ ಎಣ್ಣೆ ಬಿದ್ದರೆ ತೂಕಡಿಕೆ ಇನ್ನೂ ಹೆಚ್ಚುತ್ತದೆ ಎಂದಿದ್ದರು. ತೂಕಡಿಕೆಯ ವಿಷಯ ಇಷ್ಟು ದಿನ ತಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿ, ಮಾತ್ರೆಯನ್ನೇ ಬದಲಾಯಿಸಿ ಕೊಟ್ಟಿದ್ದರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

ಅಷ್ಟರಲ್ಲಿ ಗೌಡರು ಕ್ಯಾನು ಹಿಡಿದು ಬಂದರು. ತಲೆಯ ಮೇಲೆ ಕೂದಲು ರಾಗಿ ಪೈರಿನ ಹಾಗೆ ಚಿಗುರಿತ್ತು. ನನ್ನನ್ನು ಕಂಡದ್ದೇ ಸಾಲಿನವರಿಗೆಲ್ಲ ಕೇಳುವಂತೆ, “ಎಂಥಾ ಬಾಟ್ಲಿ ಪಂಡಿತ್ರೇ ಅದು! ಮುಚ್ಚಳ ತೆಗೀದೇನೇ ವಾಸಿ ಮಾಡ್ತು!” ಎಂದರು.

“ವಾಸಿ ಮಾಡಿದ್ದು ಮಾತ್ರೆ ಕಣಪ್ಪೋ,” ಎಂದು ಮಗಳು ಬರೆಯುತ್ತಲೇ ಹೇಳಿದಳು.

“ಮಾತ್ರೆ ಮೊದ್ಲೂ ಇತ್ತಲ್ವಾ? ಪಥ್ಯ ಇತ್ತಾ?”

ಸಾಲಿನಲ್ಲಿದ್ದವರು ಪಥ್ಯದ ಪರವಾಗಿ ತಲೆಯಾಡಿಸಿದರು. ಬಾಟಲಿ ಈಗ ಎಲ್ಲಿದೆ ಎಂದು ಕೇಳಿದೆ. ದೇವರ ಗೂಡಿನಲ್ಲಿ, ವಿಭೂತಿಗಟ್ಟಿಯ ಪಕ್ಕ. ಚೀಟಿಯಲ್ಲಿ ಯಾರ ಹೆಸರಿದೆಯೋ ಅವರ ಮನೆಗೆ ಬಿಲ್ಲಿನ ಸಮೇತ ಕಳಿಸಿಬಿಡಿ, ಇನ್ನೊಬ್ಬರ ಹೆಸರಿನ ಔಷಧಿಯನ್ನು ದೇವರೂ ಇಟ್ಟುಕೊಳ್ಳಬಾರದು ಎಂದೆ. ಕಾನೂನು ಎಂದಿದ್ದರೆ ಕೇಳುತ್ತಿದ್ದರೋ ಇಲ್ಲವೋ, ದೇವರು ಎಂದದ್ದಕ್ಕೆ ಒಪ್ಪಿದರು.

ಹುಡುಗಿ ತನ್ನ ಚೀಲದಿಂದ ಮಾತ್ರೆ ತೆಗೆದು, ಎಲ್ಲರೆದುರಿಗೇ ನುಂಗಿ, ನೀರು ಕುಡಿದು, ಗೋಡೆಯ ಹಾಳೆಯಲ್ಲಿ ಸಂಜೆಯ ಮನೆಗೆ ಟಿಕ್ ಹಾಕಿದಳು. ಆಮೇಲೆ ಪೆನ್ನು ಕಿವಿಗೆ ಸಿಕ್ಕಿಸಿ ನನ್ನ ಕಡೆ ತಿರುಗಿದಳು.

“ತಾತ, ನಿಮಗೆ ವಯಸ್ಸೆಷ್ಟು?”

“ಅರವತ್ತೊಂಬತ್ತು.”

“ಏನೇನು ಮಾತ್ರೆ ತಗೊಳ್ತೀರಿ?”

“ಬಿ.ಪಿ.ಗೆ ಒಂದು. ಬೆಳಿಗ್ಗೆ.”

“ಇವತ್ತು ತಗೊಂಡ್ರಾ?”

ಮೂರನೆಯ ಪ್ರಶ್ನೆಗೆ ಜನ ಯಾಕೆ ಬೀದಿ ಕಡೆ ನೋಡುತ್ತಾರೆ ಎಂಬುದು ಐವತ್ತು ವರ್ಷದಲ್ಲಿ ಮೊದಲ ಸಲ ನನಗೆ ಅರ್ಥವಾಯಿತು. ಸಂಗಮದ ಸುಳ್ಳು ಹೊಂದಿಸುವ ಗಡಿಬಿಡಿಯಲ್ಲಿ ಮಾತ್ರೆ ಮನೆಯಲ್ಲೇ ಉಳಿದಿತ್ತು. ಕ್ಯಾನು ಹಿಡಿದ ಅಷ್ಟೂ ಗಂಡಸರು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನು ನಾಲಗೆಗೆ ಬಜೆ ಕೊಟ್ಟ ಹುಡುಗಿ ಆಗಲೇ ಒಂದು ಖಾಲಿ ಹಾಳೆ ಹರಿದು, ದಿನ ಎಂದು ಬರೆದು, ಗೆರೆ ಎಳೆಯುತ್ತಿದ್ದಳು.